ಗೋಡೆಯ ಹಿಂದೆ ನಾನು ಕೂರಿಸಿದವನು

ಆ ಪೆಟ್ಟಿಗೆಯಲ್ಲಿ ಯಂತ್ರ ಇರಲಿಲ್ಲ. ಗೋಡೆಯ ಆಚೆ ಜುಂಜಣ್ಣ ಕುಳಿತಿರುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದವಳು ನಾನು. ಕೂರಿಸಿ, ಈಚೆ ಬಂದು, ತರಗತಿಯ ಮುಂದೆ ಅವನ ಹೆಸರು ಕೂಗಿ, ಉತ್ತರ ಬರಲಿಲ್ಲವೆಂದು ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದವಳೂ ನಾನೇ.

ನಾಲ್ಕು ವರ್ಷವಾಯಿತು. ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ — ನೀವು ಬೆರಗಿನಿಂದ ನೋಡುತ್ತಿದ್ದ ಆ ದೀಪಗಳು ನಿಮ್ಮದೇ ಸಹಪಾಠಿಯ ಬೆರಳುಗಳಾಗಿದ್ದವು. ಇದನ್ನು ನಿಮಗೆ ಆಗಲೇ ಹೇಳಬೇಕಿತ್ತು.

೧೯೮೫ರಲ್ಲಿ ನನಗೆ ಇಪ್ಪತ್ತನಾಲ್ಕು. ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯಲ್ಲಿ, ಮುಚ್ಚಿಹೋಗಿದ್ದ ಕಡಲೆಕಾಯಿ ಎಣ್ಣೆ ಮಿಲ್ಲಿನ ಕಟ್ಟಡದಲ್ಲಿ ಹೊಸದಾಗಿ ತೆರೆದಿದ್ದ ಎಂಜಿನಿಯರಿಂಗ್ ಕಾಲೇಜು ನನ್ನ ಮೊದಲ ಕೆಲಸ. ಗೋಡೆಗಳಿಗೆ ಎಷ್ಟು ಸುಣ್ಣ ಹೊಡೆದರೂ ಬೇಸಿಗೆಯಲ್ಲಿ ಎಣ್ಣೆ ಬೆವರುತ್ತಿತ್ತು. ನಾನು ಹೈಸ್ಕೂಲಿನಿಂದ ದಿನಚರಿ ಬರೆಯುವವಳು — ಯಾವ ಬಸ್ಸು ಎಷ್ಟು ತಡ, ಯಾವ ಪಾಠ ಎಷ್ಟು ಪುಟ, ಎಲ್ಲವೂ ತಾರೀಖಿನೊಂದಿಗೆ. ನನ್ನ ಲೆಕ್ಕ ತಪ್ಪುವುದಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಕಂಪ್ಯೂಟರ್ ವಿಭಾಗದ ಹುಡುಗ ಹುಡುಗಿಯರಿಗೆ ನಾನು ಕಲಿಸಬೇಕಿದ್ದದ್ದು ಹಾರ್ಡ್‌ವೇರನ್ನು ವರ್ಣಿಸುವ ಭಾಷೆ. ಸರ್ಕ್ಯೂಟನ್ನು ಚಿತ್ರವಾಗಿ ಬಿಡಿಸದೆ ಸಾಲುಗಳಲ್ಲಿ ಬರೆಯುವ ವಿದ್ಯೆ. ಅದರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ‘ಎ ಮನೆಗೆ ಬಿ ಮನೆಯಲ್ಲಿರುವುದು ಬರಲಿ’ ಎಂದು ಒಂದು ಸಾಲು. ‘ಬಿ ಮನೆಗೆ ಎ ಮನೆಯಲ್ಲಿರುವುದು ಬರಲಿ’ ಎಂದು ಇನ್ನೊಂದು. ಮೇಲಿನಿಂದ ಕೆಳಕ್ಕೆ ಓದಿದರೆ ಎರಡೂ ಮನೆಗಳಲ್ಲಿ ಒಂದೇ ವಸ್ತು ಉಳಿಯುತ್ತದೆ. ಆದರೆ ಸರ್ಕ್ಯೂಟಿನಲ್ಲಿ ಮೇಲೆ ಕೆಳಗೆ ಎಂಬುದಿಲ್ಲ. ಗಡಿಯಾರದ ಒಂದು ಬಡಿತ ಬೀಳುತ್ತದೆ, ಪ್ರತಿ ಸಾಲೂ ಬಡಿತಕ್ಕೆ ಮುಂಚೆ ಇದ್ದುದನ್ನು ನೋಡಿಕೊಂಡು, ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಎರಡು ಮನೆಗಳು ಅದಲುಬದಲಾಗುತ್ತವೆ. ಬಡಿತವಿಲ್ಲದೆ ಏನೂ ಅಲುಗುವುದಿಲ್ಲ.

ಇದನ್ನು ತೋರಿಸಲು ಯಂತ್ರವೊಂದನ್ನು ನಾನೇ ಕಟ್ಟುತ್ತೇನೆಂದು ಸಂದರ್ಶನದಲ್ಲಿ ಹೇಳಿ ಕೆಲಸ ಪಡೆದಿದ್ದೆ. ಕಟ್ಟಿದೆ ಕೂಡ. ಆದರೆ ಆ ಭಾಗದ ಕರೆಂಟು ನಿಮಗೆ ಗೊತ್ತಿದ್ದದ್ದೇ — ಒಂದು ಮಧ್ಯಾಹ್ನ ಏರಿತು, ಯಂತ್ರದ ಚಿಪ್‌ಗಳೆಲ್ಲ ಸುಟ್ಟುಹೋದವು. ಮಾನ್ಯತೆ ಕೊಡಲು ವಿಶ್ವವಿದ್ಯಾಲಯದ ತಂಡ ಬರುವುದಕ್ಕೆ ಎರಡು ವಾರ ಇತ್ತು. ಪ್ರಾಂಶುಪಾಲರಿಗೆ ಹೇಳಲು ಬಾಗಿಲವರೆಗೆ ಹೋದೆ. ಅವರು ಯಾರಿಗೋ ಫೋನಿನಲ್ಲಿ, “ನಮ್ಮ ಹುಡುಗಿ ಮಿಷನ್ ಮಾಡವ್ಳೆ, ಬೆಂಗಳೂರಲ್ಲೂ ಇಲ್ಲ ಬುಡಿ ಅಂಥದ್ದು” ಎನ್ನುತ್ತಿದ್ದರು. ಹಿಂದಿರುಗಿದೆ.

ಜುಂಜಣ್ಣ ಹುಲಿಕುಂಟೆ ಕಡೆಯವನು. ಕುರಿ ಕಾಯುವ ಮನೆಯಿಂದ ಎಂಜಿನಿಯರಿಂಗಿಗೆ ಬಂದ ಮೊದಲನೆಯವನು. ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ, ಹಾಗಾಗಿ ಮಾತು ಕಡಿಮೆ. ಆದರೆ ಸಾಲುಗಳು ಒಟ್ಟಿಗೆ ನಡೆಯುತ್ತವೆ ಎಂಬುದು ತರಗತಿಯಲ್ಲಿ ಮೊದಲು ಹೊಳೆದದ್ದು ಅವನಿಗೆ. ಹೇಗೆಂದು ಕೇಳಿದ್ದಕ್ಕೆ ನಾಚಿಕೊಂಡು, “ಮಂದೆ ನೋಡ್ದಂಗೆ ಮೇಡಂ. ಒಂದೊಂದೇ ಕುರಿ ನೋಡ್ತಾ ಕೂತ್ರೆ ಮಂದೆ ತಪ್ಪೋಗ್ತದೆ” ಎಂದಿದ್ದ.

ಪ್ರಯೋಗಶಾಲೆಯ ಹಿಂದೆ ಮಿಲ್ಲಿನ ಕಾಲದ ಹಿಂಡಿ ಕೋಣೆಯಿತ್ತು. ಕಿಟಕಿಯಿಲ್ಲ, ಬಾಗಿಲು ಹಿತ್ತಲಿಗೆ. ನನ್ನ ಪೆಟ್ಟಿಗೆಯನ್ನು ನಡುಗೋಡೆಗೆ ಒತ್ತಿ ಇಟ್ಟೆ. ಮುಂದೆ ಟಾರ್ಚಿನ ಬಲ್ಬುಗಳು, ಒಂದು ಗುಂಡಿ, ಹಾಳೆ ತೂರಿಸಲು ಸೀಳು. ಹಾಳೆ ಗೋಡೆ ದಾಟಿ ಜುಂಜಣ್ಣನ ತೊಡೆಯ ಮೇಲೆ ಬೀಳುತ್ತಿತ್ತು. ಈಚೆ ಗುಂಡಿ ಒತ್ತಿದರೆ ಆಚೆ ಅವನ ಮೊಣಕಾಲಿನ ಪಕ್ಕದ ಹಲಗೆಗೆ ಸಣ್ಣ ಸುತ್ತಿಗೆ ಟಕ್ ಎಂದು ಬಡಿಯುತ್ತಿತ್ತು. ಅವನು ಹಾಳೆ ನೋಡಿ ಸ್ವಿಚ್ಚುಗಳನ್ನು ಹಾಕುತ್ತಿದ್ದ, ಆರಿಸುತ್ತಿದ್ದ. ಈಚೆ ದೀಪಗಳು ಬದಲಾಗುತ್ತಿದ್ದವು.

“ಒಂದೇ ದಿನ” ಎಂದಿದ್ದೆ ಅವನಿಗೆ. “ಆಯ್ತು ಮೇಡಂ” ಎಂದಿದ್ದ. ಅವನು ಬೇರೇನನ್ನು ಹೇಳಬಹುದಿತ್ತು — ನಾನು ಅವನ ಮೇಡಂ.

ತಂಡದವರು ಬಂದರು, ತಾವೇ ಬರೆದ ಸಾಲುಗಳನ್ನು ತೂರಿಸಿದರು, ಗುಂಡಿ ಒತ್ತಿದರು. ದೀಪಗಳು ಸರಿಯಾಗಿ ಅದಲುಬದಲಾದವು. ಅವರಲ್ಲೊಬ್ಬ ಹಿರಿಯರು, “ಸ್ವಲ್ಪ ನಿಧಾನ. ಆದರೆ ಒಂದೂ ತಪ್ಪಿಲ್ಲವಲ್ಲಮ್ಮಾ” ಎಂದು ನನ್ನ ಬೆನ್ನು ತಟ್ಟಿದರು. ಮಾನ್ಯತೆ ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಮಂಗಳವಾರ ಹುಡುಗರೆಲ್ಲ ಹಾಳೆ ಹಿಡಿದು ಸಾಲಾಗಿ ನಿಂತಿದ್ದರು. ನಾನು ವಾರಗಟ್ಟಲೆ ಬಾಯಿ ನೋಯಿಸಿಕೊಂಡರೂ ತಲೆಗೆ ಹೋಗದಿದ್ದದ್ದು ಆ ದೀಪಗಳನ್ನು ನೋಡಿದ ಕ್ಷಣದಲ್ಲಿ ಹೋಗುತ್ತಿತ್ತು. ಪಾಠ ಅಷ್ಟು ಚೆನ್ನಾಗಿ ನಡೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು — ಮತ್ತೊಂದು ಮಂಗಳವಾರ, ಮತ್ತೊಂದು. ಒಟ್ಟು ಹದಿನಾಲ್ಕು.

ಪ್ರತಿ ಸಲವೂ ಹಾಜರಿ ಕೂಗುತ್ತಿದ್ದೆ. “ಜುಂಜಣ್ಣ.” ಮೌನ. ಆ ಮೌನದಲ್ಲಿ ಗೋಡೆಯ ಆಚೆ ಹಲಗೆಯೊಂದು ಕಿರುಗುಟ್ಟುತ್ತಿತ್ತು — ಕರೆದವರ ಕಡೆಗೆ ಯಾರೋ ತಿರುಗಿದಂತೆ. ಹಾಜರಿ ಹಾಕಿಬಿಡಬಹುದಿತ್ತು. ಆದರೆ ಕಣ್ಣೆದುರು ಇಲ್ಲದವನಿಗೆ ಹಾಜರಿ ಹಾಕಿದರೆ ಹುಡುಗರು ಕೇಳುವರು; ಕೇಳಿದರೆ ಕೋಣೆಯ ಗುಟ್ಟು — ಅಲ್ಲ, ಅದಕ್ಕಿಂತಲೂ ನಾಚಿಕೆಯ ಮಾತೊಂದಿದೆ. ಕೊಠಡಿಯಲ್ಲಿ ಇಲ್ಲದವನಿಗೆ ಹಾಜರಿ ಹಾಕುವುದು ಸುಳ್ಳು ಎಂದು ನಾನು ನಿಜವಾಗಿ ನಂಬಿದ್ದೆ. ಅಷ್ಟು ದೊಡ್ಡ ಸುಳ್ಳಿನ ಪಕ್ಕದಲ್ಲಿ ಕೂತು ಅಷ್ಟು ಅಚ್ಚುಕಟ್ಟಾಗಿ ನಿಜ ಬರೆಯುತ್ತಿದ್ದೆ.

ಏನೋ ಬದಲಾಗಿದೆ ಎಂದು ಮೊದಲು ಅನ್ನಿಸಿದ್ದು ಬಸ್ ನಿಲ್ದಾಣದಲ್ಲಿ. ಸಂಜೆ, ಶಿರಾ ಬಸ್ಸಿನ ಬಳಿ ನಿಂತಿದ್ದ. “ಊಟ ಆಯ್ತಾ?” ಎಂದೆ. ನನ್ನನ್ನೇ ನೋಡುತ್ತಿದ್ದ, ಮಾತಿಲ್ಲ. ಕೇಳಿಸಲಿಲ್ಲವೇನೋ ಎಂದು, “ಊರಿಗೆ ಹೊರಟೆಯಾ?” ಎಂದೆ. ಅಷ್ಟರಲ್ಲಿ ಕಂಡಕ್ಟರು ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದ. ಟಪ್.

“ಆಯ್ತು ಮೇಡಂ, ಮುದ್ದೆ ಸಾರು” ಎಂದ ಜುಂಜಣ್ಣ.

“ಯಾಕೋ, ಹುಷಾರಿಲ್ವಾ?”

ಕಣ್ಣು ರೆಪ್ಪೆ ಹೊಡೆಯದೆ ಕಾಯುತ್ತಿತ್ತು. ಕಂಡಕ್ಟರು, “ಏ ಗೌಡ, ಬಸ್ ಅತ್ತಲಾ, ಕಲ್ಲಿನ್ ಕಂಬ ಇದ್ದಂಗವ್ನೆ!” ಎಂದು ಇನ್ನೊಮ್ಮೆ ಬಡಿದ.

“ಊರಿಗೇ ಮೇಡಂ” ಎಂದು ಹೇಳಿ ಹತ್ತಿದ.

ಬಸ್ಸು ಹೋಯಿತು. ನಾನು ಅಲ್ಲೇ ನಿಂತಿದ್ದೆ. ಅವನ ಉತ್ತರಗಳು ಸರಿಯಾಗಿದ್ದವು. ಒಂದು ಬಡಿತ ಹಿಂದೆ ಇದ್ದವು, ಅಷ್ಟೆ — ನಾನು ಕಲಿಸಿದ್ದ ಹಾಗೆಯೇ. ಬಡಿತಕ್ಕೆ ಮುಂಚೆ ಇದ್ದುದನ್ನು ನೋಡು. ಬಡಿತ ಬಿದ್ದಾಗ ಬದಲಾಗು. ಆದರೂ ಮುಂದಿನ ಮಂಗಳವಾರ ಹಿತ್ತಲಿನ ಬಾಗಿಲು ತೆಗೆದು ಅವನನ್ನು ಒಳಗೆ ಬಿಟ್ಟೆ.

ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಿದ್ದ ಸಾಕಮ್ಮನವರು ಒಂದು ದಿನ ನನ್ನನ್ನು ತಡೆದು, “ಆ ಹುಲಿಕುಂಟೆ ಉಡ್ಗುಂಗೆ ಏನೋ ಮೆಟ್ಕಂಡದೆ ಕಣಮ್ಮ. ತಟ್ಟೆ ಮುಂದೆ ಕುಂತಿರ್ತಾನೆ, ಉಣ್ಣಲ್ಲ. ಸೌಟಲ್ಲಿ ತಟ್ಟೆ ಟಣ್ ಅನ್ಸಿದ್ರೆ ಒಂದು ತುತ್ತು. ಇನ್ನೊಂದ್ಸಲ ಟಣ್, ಇನ್ನೊಂದು ತುತ್ತು. ಉಡುಗ್ರೆಲ್ಲ ನಗ್ತವೆ. ನಂಗೆ ಭಯ ಆಯ್ತದೆ” ಎಂದರು. “ಓದಿನ ಆಯಾಸ” ಎಂದೆ. ಆ ಎರಡು ಪದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂದವು.

ಹನ್ನೆರಡನೆಯ ಮಂಗಳವಾರ. ಹಾಜರಿಯಲ್ಲಿ ಅವನ ಹೆಸರು ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ, “ಕುರಿ ಈಯಕ್ಕೆ ರಜಾ ಹಾಕವ್ನೆ ಮೇಡಂ!” ಎಂದ. ಇನ್ನೊಬ್ಬ, “ಲೇ, ಅವ್ನ್ ಬಂದ್ರೂ ಅಷ್ಟೇ ಕಣ್ಲಾ, ಅವ್ನಿಗಿಂತ ಈ ಪೆಟ್ಗೇನೇ ವಾಸಿ, ಲೈಟಾದ್ರೂ ಹತ್ತುತ್ತೆ” ಎಂದ. ತರಗತಿಯೆಲ್ಲ ನಕ್ಕಿತು. ನಾನೂ — ಇದನ್ನು ಬರೆಯಲು ನಾಲ್ಕು ವರ್ಷ ಬೇಕಾಯಿತು — ನಾನೂ ನಕ್ಕೆ. ಅವನು ನನ್ನ ಬೆನ್ನ ಹಿಂದೆ, ಒಂದು ಇಟ್ಟಿಗೆಯಾಚೆ ಕುಳಿತಿದ್ದಾನೆಂದು ಗೊತ್ತಿದ್ದೂ.

ಯಾರೂ ಗುಂಡಿ ಮುಟ್ಟಿರಲಿಲ್ಲ. ಪೆಟ್ಟಿಗೆಯ ದೀಪಗಳೆಲ್ಲ ಒಮ್ಮೆಗೇ ಹತ್ತಿದವು. ಸ್ವಲ್ಪ ಹೊತ್ತು ಹಾಗೇ ಉರಿದವು. ಆಮೇಲೆ ಒಂದೊಂದಾಗಿ, ಎಡದಿಂದ ಬಲಕ್ಕೆ, ಅವಸರವಿಲ್ಲದೆ ಆರಿದವು. ನಗು ನಿಂತುಹೋಯಿತು. “ವೋಲ್ಟೇಜು” ಎಂದೆ ನಾನು, ಟಾರ್ಚಿನ ಸೆಲ್ಲುಗಳ ಮೇಲೆ ನಡೆಯುವ ಪೆಟ್ಟಿಗೆಯನ್ನು ನೋಡುತ್ತ.

ಸೆಮಿಸ್ಟರಿನ ಕೊನೆಯಲ್ಲಿ ಹಾಜರಿಯ ಮೊತ್ತ ಹಾಕಿದಾಗ ಪ್ರಯೋಗ ತರಗತಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ. ಪರೀಕ್ಷೆಗೆ ಕೂರುವ ಹಾಗಿಲ್ಲ. ಪ್ರಾಂಶುಪಾಲರು ಇಬ್ಬರನ್ನೂ ಕರೆಸಿದರು. ಕೋಣೆಯ ಗುಟ್ಟು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಬ್ಬರಿಗೆ, ಆ ಇಬ್ಬರೂ ಅವರ ಮೇಜಿನ ಮುಂದೆ ನಿಂತಿದ್ದೆವು.

“ಮಂಗಳವಾರ ಮಂಗಳವಾರ ಎಲ್ಲೋಗಿ ಸಾಯ್ತಿದ್ದೆ?” ಎಂದು ಕೇಳಿದರು.

ಜುಂಜಣ್ಣ ನನ್ನ ಕಡೆ ತಿರುಗಿದ. ಆ ನೋಟದಲ್ಲಿ ದೂರಿರಲಿಲ್ಲ. ಕಾಯುತ್ತಿದ್ದ, ಅಷ್ಟೆ.

“ಏನಮ್ಮಾ, ನೀನೇನಂತೀಯ? ಒಂದಿನಾನೂ ಬಂದಿಲ್ವಾ ಇವ್ನು?”

ಆಗ ನಾನು ಹೇಳಿದ ಮಾತು ಇದು: “ಪುಸ್ತಕದಲ್ಲಿ ಏನಿದೆಯೋ ಅದೇ ಸಾರ್.”

ಅವರು ಜವಾನನನ್ನು ಕರೆಯಲು ಮೇಜಿನ ಮೇಲಿನ ಗಂಟೆ ಬಡಿದರು. ಟಣ್ ಎಂದಿತು. ಜುಂಜಣ್ಣ ನೆಟ್ಟಗೆ ನಿಂತು, ಸ್ಪಷ್ಟವಾಗಿ, “ಗೋಡೆ ಹಿಂದೆ ಸಾರ್” ಎಂದ.

“ಗೋಡೆ ಹಿಂದೆ ಬೀಡಿ ಸೇದ್ತಿದ್ಯಾ? ಅದನ್ನ ಇಲ್ಲಿ ಬಂದು ಬೇರೆ ಏಳ್ತೀಯ? ಎಷ್ಟ್ಲಾ ಕೊಬ್ಬು ನಿಂಗೆ!”

ಅವನು ಇಡೀ ನಿಜವನ್ನು ಹೇಳಿದ್ದ. ಅದು ನಿಜವೆಂದು ತಿಳಿಯಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಮತ್ತು ನಾನು — ನೆಲ ನೋಡುತ್ತಿದ್ದೆ.

ತರಗತಿಗೇ ಬಂದಿಲ್ಲವೆಂದು ಮನೆಗೆ ಪತ್ರ ಬರೆದು ಅವನನ್ನು ಊರಿಗೆ ಕಳಿಸಿದರು. ಮುಂದಿನ ಮಂಗಳವಾರ ನಾನು ಬರುವ ಮೊದಲೇ ಹುಡುಗರು ಪೆಟ್ಟಿಗೆಗೆ ಹಾಳೆ ತೂರಿಸಿ ಗುಂಡಿ ಒತ್ತುತ್ತಿದ್ದರು. ದೀಪ ಹತ್ತಿರಲಿಲ್ಲ. ಶಿರಾದಿಂದ ಬರುತ್ತಿದ್ದ ನಸೀಮಾ ಎಂಬ ಹುಡುಗಿ ಪೆಟ್ಟಿಗೆಗೆ ಕಿವಿಯಿಟ್ಟು ನಿಂತಿದ್ದಳು. ನನ್ನನ್ನು ಕಂಡು ತಗ್ಗಿದ ದನಿಯಲ್ಲಿ, “ಇವತ್ತು ಉಸಿರಾಡ್ತಿಲ್ಲ ಮೇಡಂ” ಎಂದಳು.

“ಏನು?”

“ಮಿಷನ್ನು. ಯಾವಾಗ್ಲೂ ಉಸಿರಾಡ್ತಿತ್ತಲ್ಲ.”

ಪಕ್ಕದವರು ತಲೆಯಾಡಿಸಿದರು. ಅವರಿಗೆಲ್ಲ ಕೇಳಿಸುತ್ತಿತ್ತು. ಯಂತ್ರವೆಂದರೆ ಹಾಗೇ ಇರಬಹುದು ಎಂದುಕೊಂಡಿದ್ದರು — ಏಕೆಂದರೆ ಅದನ್ನು ಯಂತ್ರವೆಂದು ಹೇಳಿದವಳು ನಾನು. ಕೆಟ್ಟುಹೋಗಿದೆ ಎಂದು ಹೇಳಿ ಮೇಲೆ ಬಟ್ಟೆ ಹೊದಿಸಿದೆ. ನಂತರದ ವರ್ಷ ಕಾಲೇಜಿಗೆ ನಿಜವಾದ ಕಂಪ್ಯೂಟರ್ ಬಂತು. ನನಗೆ ಬಡ್ತಿ ಸಿಕ್ಕಿತು.

ಹೋದ ಭಾನುವಾರ ಹುಲಿಕುಂಟೆಗೆ ಹೋಗಿದ್ದೆ. ಯಾಕೆ ಈಗ, ಯಾಕೆ ಇಷ್ಟು ತಡವಾಗಿ — ಗೊತ್ತಿಲ್ಲ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ‘ಬಡಿದರೆ ಮಾತಾಡೋ ಹುಡುಗ’ ಎಂದರೆ ಸಾಕಾಗಿತ್ತು. ಅವನು ಅಂಗಳದ ಆಚೆ ಕುರಿಹಟ್ಟಿಯ ಬೇಲಿ ಕಟ್ಟುತ್ತಿದ್ದ. ನನ್ನನ್ನು ನೋಡಿದ. ಗುರುತಿಸಿದನೋ ಇಲ್ಲವೋ, ಕೆಲಸ ನಿಲ್ಲಿಸಲಿಲ್ಲ. ಅವನ ತಾಯಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕುಳಿತರು.

“ನೀವಾದ್ರೂ ನಿಜ ಏಳಿ ಮೇಡಮ್ಮೋರೆ” ಎಂದರು. “ಓದ್ತೀನಿ ಅಂತ ಊರು ಬಿಟ್ಟೋನು ಕಾಲೇಜಿಗೇ ಓಗ್ತಿರ್ಲಿಲ್ವಂತೆ. ಎಲ್ಲೋಗ್ತಿದ್ದ ಅಂತ ಕೇಳಿದ್ರೆ ಗೋಡೆ ಹಿಂದೆ, ಗೋಡೆ ಹಿಂದೆ ಅಂತಾನೆ. ಅವ್ರಪ್ಪ ಅವ್ನ್ ಮಕ ನೋಡಿ ಮಾತಾಡಿ ನಾಕು ವರ್ಷ ಆಯ್ತು. ಸುಳ್ಳುಗಾರನ್ನ ಎತ್ಬುಟ್ಟೆ ಅಂತ ನನ್ನೂ ಬಯ್ತದೆ.”

ಹೇಳಿದೆ. “ಅವನು ಒಂದು ಮಂಗಳವಾರವೂ ತಪ್ಪಿಸಿಲ್ಲ ಅಮ್ಮ. ಗೋಡೆ ಹಿಂದೆಯೇ ಇದ್ದ. ಅಲ್ಲಿ ಕೂರಿಸಿದ್ದು ನಾನು. ಇಲ್ಲ ಅಂತ ಬರೆದದ್ದೂ ನಾನು.” ಉಳಿದದ್ದನ್ನೂ ಹೇಳಿದೆ, ನಕ್ಕದ್ದನ್ನು ಸೇರಿಸಿ.

ಅವರು ಬೇಲಿಯ ಕಡೆ ನೋಡಿದರು. ಅಲ್ಲಿಯವರೆಗೆ ನನಗೆ ಮೇಡಮ್ಮೋರೆ, ನೀವು ಎನ್ನುತ್ತಿದ್ದವರು, ತಿರುಗಿ, ಮೆಲ್ಲಗೆ ಕೇಳಿದರು: “ಅಂಗಾರೆ ಆವತ್ತೇ ಯಾಕೆ ಏಳ್ಲಿಲ್ಲ ನೀನು?”

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಅವರು ಎದ್ದು ಅಂಗಳಕ್ಕೆ ಹೋಗಿ, “ಅವ್ರಪ್ಪ ಮಂದೆ ಒಡ್ಕೊಂಡು ಬರ್ಲಿ. ಅವ್ರ ಮುಂದೆ ಇದನ್ನೇ ಇನ್ನೊಂದ್ಸಲ ಏಳು. ಅಲ್ಲೀಗಂಟ ಓಗ್ಬೇಡ” ಎಂದರು.

ಕಾದೆ. ಬಸ್ಸು ತಪ್ಪಿತು. ಅವನ ತಂದೆ ಬಂದಾಗ ಅವರ ಮುಂದೆ ಎದ್ದು ನಿಂತು ಇನ್ನೊಮ್ಮೆ ಹೇಳಿದೆ. ಅವರು ನನ್ನ ಮುಂದೆ ಮಗನನ್ನು ಮಾತನಾಡಿಸಲಿಲ್ಲ.

ನಾಳೆ ಇದನ್ನೇ ಪ್ರಾಂಶುಪಾಲರ ಮುಂದೆ ಹೇಳುತ್ತೇನೆ, ಆಮೇಲೆ ವಿಶ್ವವಿದ್ಯಾಲಯಕ್ಕೆ. ಅವನಿಗೆ ಪರೀಕ್ಷೆಯ ಅವಕಾಶ ಸಿಗಬಹುದು, ಸಿಗದೆಯೂ ಇರಬಹುದು. ಸಿಕ್ಕರೂ ಅವನು ಬರೆಯುವ ಸ್ಥಿತಿಯಲ್ಲಿದ್ದಾನೆಯೇ ಎಂಬುದು ನನಗೆ ತಿಳಿಯದು. ನನ್ನ ಕೆಲಸ ಹೋಗುತ್ತದೆ, ಹೋಗಬೇಕು. ಆವತ್ತೇ ಯಾಕೆ ಹೇಳಲಿಲ್ಲವೆಂದು ಅವರೂ ಕೇಳುತ್ತಾರೆ. ಹೆದರಿದ್ದೆ, ಆಮೇಲೆ ಹೊಗಳಿಕೆ ರುಚಿಸಿತು. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.