ನಮೌಲಾ ಆಸ್ಪತ್ರೆಯ ಸೂರು

ನಾಲ್ಕನೆಯ ಸಲ ರಾಜಧಾನಿ ವಿಲಾಕ್ಕೆ ಹೊರಟಾಗ ನರ್ಸ್ ಲೇಮರಾ ಹೊಸ ಅಂಗಿ ಹೊಲಿಸಿಕೊಳ್ಳಲಿಲ್ಲ. ಮೊದಲ ಸಲ ಮಂತ್ರಿಯನ್ನು ಕಾಣಬೇಕೆಂದು ಹಳದಿ ಹೂವಿನ ನಿಲುವಂಗಿ ಹೊಲಿಸಿಕೊಂಡಿದ್ದಳು. ಎರಡನೆಯ ಸಲ ಅದನ್ನೇ ಒಗೆದು ತೊಟ್ಟಿದ್ದಳು. ಈಗ ಮೈಮೇಲಿದ್ದದ್ದರಲ್ಲೇ ಹಡಗು ಹತ್ತಿ, ಚಾಪೆ ಹಾಸಿ, ಕೊಬ್ಬರಿ ಮೂಟೆಗಳ ನಡುವೆ ಕೂತುಬಿಟ್ಟಳು. ಐವತ್ತೊಂದು ವರ್ಷದ ಮಂಡಿ ನೋಯುತ್ತಿತ್ತು.

ಬೇಕಾಗಿದ್ದದ್ದು ಒಂದು ರುಜು, ಅಷ್ಟೇ. ದೊಡ್ಡ ಚಂಡಮಾರುತ ನಮೌಲಾ ದ್ವೀಪದ ಆಸ್ಪತ್ರೆಯ ಸೂರನ್ನು ಕಿತ್ತುಕೊಂಡು ಸಮುದ್ರಕ್ಕೆ ಎಸೆದಿತ್ತು. ಲಸಿಕೆ ಇಡುವ ಫ್ರಿಜ್ಜೂ ಅದರ ಜೊತೆ ಹೋಗಿತ್ತು. ಆಸ್ಪತ್ರೆ ಅಂದರೆ ಎರಡು ಕೋಣೆ, ಒಂದು ಹೆರಿಗೆ ಮಂಚ, ಇಪ್ಪತ್ತಾರು ವರ್ಷದಿಂದ ಲೇಮರಾ. ಗೋಡೆಗಳ ಮೇಲೆ ಟಾರ್ಪಾಲು ಬಿಗಿದು ಅವಳು ಕೆಲಸ ನಡೆಸುತ್ತಿದ್ದಳು. ಮಳೆ ಬಂದರೆ ಒಬ್ಬಳು ಹೆರುವವಳ ಕೈ ಹಿಡಿದುಕೊಳ್ಳಬೇಕು, ಇನ್ನೊಬ್ಬಳು ಟಾರ್ಪಾಲಿನ ಹೊಟ್ಟೆಯಲ್ಲಿ ನಿಂತ ನೀರನ್ನು ಕೋಲಿನಿಂದ ಎತ್ತಿ ಚೆಲ್ಲಬೇಕು.

ಮೊದಲನೆಯ ಆರೋಗ್ಯ ಮಂತ್ರಿ ಖುದ್ದಾಗಿ ಬಂದಿದ್ದ. ಟಾರ್ಪಾಲಿನ ಕೆಳಗೆ ನಿಂತು ಕಣ್ಣೊರೆಸಿಕೊಂಡ, ಊರವರು ಬಿಸಿ ಕಲ್ಲಿನ ಮೇಲೆ ಬೇಯಿಸಿದ ಲಾಪ್‌ಲಾಪ್ ಕಡುಬು ತಿಂದ, ತಿಂಗಳೊಳಗೆ ಸೂರು ಎಂದ. ಇಪ್ಪತ್ತು ದಿನಕ್ಕೆ ಅವನ ಸರ್ಕಾರ ಬಿತ್ತು. ಎರಡನೆಯವನ ಮೇಜಿನವರೆಗೆ ಕಡತ ಹೋಗಿತ್ತು. ಲೇಮರಾ ಎದುರಿಗೇ ಕೂತಿದ್ದಳು. ಅವನು ಪೆನ್ನಿನ ಮುಚ್ಚಳ ತೆಗೆದ, ಅಷ್ಟರಲ್ಲಿ ಫೋನು ಬಂತು, ಎದ್ದು ಹೊರಗೆ ಹೋದ. ಪಾಲುದಾರ ಪಕ್ಷವೊಂದು ಕೈಕೊಟ್ಟಿತ್ತು. ಅವನು ಆ ಕೋಣೆಗೆ ಮತ್ತೆ ಬರಲೇ ಇಲ್ಲ. ಮೂರನೆಯವನು, "ಇದು ಹಿಂದಿನೋರ ಕಾಲದ್ದು, ಮೊದಲಿಂದ ಬರ್ಕೊಂಡು ಬನ್ನಿ" ಎಂದ. ಅವಳು ಊರಿಗೆ ಹೋಗಿ ಮೊದಲಿನಿಂದ ಬರೆದಳು.

ಈಗ ಅದೇ ಮೂರನೆಯವನ ಕಚೇರಿಯ ಮುಂದೆ ಒಂಬತ್ತು ದಿನದಿಂದ ಕೂತಿದ್ದಳು. ಮಂತ್ರಿಯ ಕಾರ್ಯದರ್ಶಿ ರೋಸೆಟ್ ಒಳ್ಳೆಯ ಹೆಂಗಸು. ದಿನವೂ ಒಂದು ಲೋಟ ಚಹಾ ಕೊಡುತ್ತಿದ್ದಳು.

"ಸೋಮವಾರ ಬನ್ನಿ ಮಾಮಾ," ಎಂದಳು ರೋಸೆಟ್. ಆ ಊರಿನಲ್ಲಿ ಹಿರಿಯ ಹೆಂಗಸರನ್ನು ಮಾಮಾ ಎಂದೇ ಕರೆಯುವುದು. "ಹಣಕಾಸಿನೋರು ಒಪ್ಪಿದಾರೆ. ಕಡತ ಸೋಮವಾರ ವಾಪಸ್ ಬರುತ್ತೆ. ಸಾಹೇಬ್ರು ರುಜು ಹಾಕೇ ಹಾಕ್ತಾರೆ, ನಾನೇ ಕೈ ಹಿಡಿದು ಹಾಕಿಸ್ತೀನಿ."

"ಸೋಮವಾರದವರೆಗೆ ಸಾಹೇಬ್ರು ಇರ್ತಾರಾ ತಾಯಿ?"

ರೋಸೆಟ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅದು ನಿಮ್ಮ ತಮ್ಮನ ಕೈಲಿದೆ."

ಶುಕ್ರವಾರ ಅವಿಶ್ವಾಸ ಮತ. ಸಂಸತ್ತಿನಲ್ಲಿ ಐವತ್ತೆರಡು ಜನ. ಸರ್ಕಾರದ ಕಡೆಯಿಂದ ಒಬ್ಬ ಆಗಲೇ ದಾಟಿ, ಎರಡೂ ಕಡೆ ಇಪ್ಪತ್ತಾರು ಆಗಿತ್ತು. ಇನ್ನೊಬ್ಬ ದಾಟಿದರೆ ಮುಗಿಯಿತು. ಆ ಇನ್ನೊಬ್ಬ ಅಬೆಲ್ ತಾರಿಪೊವಾ, ನಮೌಲಾದ ಸದಸ್ಯ, ಲೇಮರಾಳ ಚಿಕ್ಕಮ್ಮನ ಮಗ. ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಎರಡು ದಿನದಿಂದ ಅವನ ಪತ್ತೆ ಇರಲಿಲ್ಲ.

ಆ ಸಂಜೆಯೇ ಅವನು ಕಾರು ಕಳಿಸಿದ. ಲಗೂನಿನ ದಂಡೆಯ ಒಂದು ಹೋಟೆಲಿನಲ್ಲಿ ವಿರೋಧ ಪಕ್ಷದವರೆಲ್ಲ ಬೀಡುಬಿಟ್ಟಿದ್ದರು. ಗೇಟಿನ ಹತ್ತಿರ ನಾಲ್ವರು ಧಡಿಯರು ಅವಳ ಬುಟ್ಟಿಯನ್ನೂ ತಡಕಿ ನೋಡಿದರು. ಅಬೆಲ್ ಈಜುಕೊಳದ ಪಕ್ಕ ಚಡ್ಡಿಯಲ್ಲಿ ಕೂತು ಕೋಳಿ ತಿನ್ನುತ್ತಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡು ಎದ್ದ.

"ಬಾ ಅಕ್ಕಾ, ಬಾ. ಏನು ಇಷ್ಟು ಸೊರಗಿದೀಯ? ಊಟ ಮಾಡು ಮೊದ್ಲು."

"ಊಟ ಆಮೇಲೆ. ಇಲ್ಲೇನು ಮಾಡ್ತಿದೀಯ ನೀನು? ಆ ಕಡೆಯೋನಲ್ವೇನೋ?"

"ಆ ಕಡೆ ನನ್ನನ್ನ ಯಾರು ಕೇಳ್ತಾರೆ? ಹಿಂದಿನ ಬೆಂಚು. ಇಲ್ಲಿ ಆರೋಗ್ಯ ಖಾತೆ ಕೊಡ್ತೀವಿ ಅಂತ ಮಾತು ಕೊಟ್ಟಿದಾರೆ. ನಾನೇ ಆರೋಗ್ಯ ಮಂತ್ರಿ! ಮೊದಲ ದಿನ, ಮೊದಲ ರುಜು, ನಿನ್ನ ಆಸ್ಪತ್ರೆಗೆ."

"ಅಲ್ಲಿರೋನು ಸೋಮವಾರ ರುಜು ಹಾಕ್ತಾನೆ ಕಣೋ. ನೀನು ಏನೂ ಮಾಡೋದು ಬೇಡ. ಇದ್ದ ಕಡೆ ಸುಮ್ನೆ ಕೂತಿರು. ಸೋಮವಾರ ಕಳೆದ ಮೇಲೆ ಎಲ್ಲಿಗೆ ಬೇಕಾದ್ರೂ ಹಾರು."

"ಮತ ಇರೋದು ಶುಕ್ರವಾರ ಅಕ್ಕಾ."

"ಅದು ನನಗೂ ಗೊತ್ತು."

ಅಬೆಲ್ ಕೋಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ. ಅದೇ ಲೇಮರಾಳಿಗೆ ಸುಸ್ತು ತಂದಿತು. ಸುಳ್ಳ ಅನ್ನಿಸಿದ್ದರೆ ಬೈದು ಎದ್ದು ಬರಬಹುದಿತ್ತು. ಆಮೇಲೆ ಅವನು, "ನಾಳೆ ಪತ್ರಿಕೆಯೋರು ಬರ್ತಾರೆ. ನನ್ನ ಪಕ್ಕ ಒಂದು ಗಳಿಗೆ ನಿಂತ್ಕೋತೀಯಾ?" ಎಂದು ಕೇಳಿದ.

"ಇಲ್ಲ. ನನ್ನ ಹೆಸರೂ ಎತ್ತಬೇಡ," ಎಂದು ಹೇಳಿ ಅವಳು ನಡೆದೇ ಬಂದಳು. ಕಾರು ಬೇಡವೆಂದಳು.

ಶುಕ್ರವಾರ ಮಧ್ಯಾಹ್ನ ಅವಳು ಮಾರುಕಟ್ಟೆಯಲ್ಲಿ ತನ್ನ ದ್ವೀಪದ ಹೆಂಗಸರ ಜೊತೆ, ಕೆಸುವಿನ ಗೆಡ್ಡೆಯ ರಾಶಿಯ ಹಿಂದೆ ಕೂತಿದ್ದಳು. ರೇಡಿಯೊದಲ್ಲಿ ಸಂಸತ್ತಿನ ಕಲಾಪ ಬರುತ್ತಿತ್ತು. ಅಬೆಲ್ ಮಾತಿಗೆ ಎದ್ದ. "ನನ್ನ ಅಕ್ಕ ನರ್ಸು," ಎಂದು ಶುರುಮಾಡಿದ. "ಸೂರಿಲ್ಲದ ಆಸ್ಪತ್ರೆಯಲ್ಲಿ, ಮಳೆಯಲ್ಲಿ ನೆಂದುಕೊಂಡು ಹೆರಿಗೆ ಮಾಡಿಸ್ತಾಳೆ. ಮೂರು ವರ್ಷ ಅಲೆದಿದಾಳೆ. ಅವಳಿಗೋಸ್ಕರ, ನನ್ನ ಜನಕ್ಕೋಸ್ಕರ, ಇವತ್ತು ಈ ಕಡೆ ಬಂದು ನಿಂತಿದೀನಿ."

ಸುತ್ತಲಿನ ಹೆಂಗಸರು ಅವಳನ್ನು ಅಪ್ಪಿಕೊಂಡರು. ಒಬ್ಬಳು ಅತ್ತಳು. "ಎಂಥ ತಮ್ಮ ಕಣೇ ನಿಂದು!" ಎಂದಳು. ಇಪ್ಪತ್ತೇಳಕ್ಕೆ ಇಪ್ಪತ್ತೈದು. ಸರ್ಕಾರ ಬಿತ್ತು. ಲೇಮರಾ ಎದುರಿಗಿದ್ದ ಗೆಡ್ಡೆಗಳನ್ನು ಒಂದೊಂದಾಗಿ ಸರಿಯಾಗಿ ಜೋಡಿಸಿಟ್ಟಳು. ಕೈಗೆ ಬೇರೆ ಕೆಲಸ ಇರಲಿಲ್ಲ.

ಸೋಮವಾರ ಕಡತ ಬಂತು. ರುಜು ಹಾಕುವವನು ಇರಲಿಲ್ಲ. ರೋಸೆಟ್ ತನ್ನ ಗಿಡದ ಕುಂಡವನ್ನೂ ಚಹಾದ ಲೋಟಗಳನ್ನೂ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಹೊಸ ಮಂತ್ರಿ ಹೊಸ ಕಾರ್ಯದರ್ಶಿಯನ್ನು ಕರೆತರುತ್ತಾನೆ. "ಕಡತ ಮೇಲೇ ಇಟ್ಟಿದೀನಿ ಮಾಮಾ, ಕಣ್ಣಿಗೆ ಬೀಳೋ ಹಾಗೆ," ಎಂದಳು. ಅವಳಿಗೂ ಕೆಲಸ ಹೋಗಿತ್ತು. ಆದರೂ ಆವತ್ತೂ ಒಂದು ಲೋಟ ಚಹಾ ಮಾಡಿ ಕೊಟ್ಟಳು.

ಹೊಸ ಸರ್ಕಾರದಲ್ಲಿ ಪಕ್ಷಗಳು ಐದು. ಖಾತೆ ಹಂಚಿಕೆಗೆ ಒಂದು ವಾರ ಹಿಡಿಯಿತು. ಆರೋಗ್ಯ ಖಾತೆಯನ್ನು ಎಲ್ಲಕ್ಕಿಂತ ದೊಡ್ಡ ಪಕ್ಷ ಬಿಟ್ಟುಕೊಡಲಿಲ್ಲ. ಅಬೆಲ್‌ಗೆ ಸಿಕ್ಕಿದ್ದು ಮೀನುಗಾರಿಕೆ. ಹೊಸ ಆರೋಗ್ಯ ಮಂತ್ರಿ, ಹಿಂದಿನವರು ಮಂಜೂರು ಮಾಡಲು ಹೊರಟಿದ್ದ ಎಲ್ಲ ಕಾಮಗಾರಿಗಳನ್ನೂ ಪರಿಶೀಲಿಸಬೇಕು ಎಂದು ಮೊದಲ ದಿನವೇ ಹೇಳಿಕೆ ಕೊಟ್ಟ.

ಹಡಗು ಹೊರಡುವ ದಿನ ಲೇಮರಾ ತಮ್ಮನ ಕಚೇರಿಗೆ ಹೋದಳು. ದೊಡ್ಡ ಕುರ್ಚಿಯಲ್ಲಿ ಅವನು ಚಿಕ್ಕವನಾಗಿ ಕಂಡ.

"ಸಂಪುಟದಲ್ಲಿ ಮಾತಾಡ್ತೀನಿ ಅಕ್ಕಾ. ಸ್ವಲ್ಪ ತಡ್ಕೋ. ಈಗಲೇ ಜಗಳ ತೆಗೆದ್ರೆ ಸರ್ಕಾರ ಅಲ್ಲಾಡಿಬಿಡುತ್ತೆ."

"ಹೂಂ."

"ಬೈಯೋದಾದ್ರೂ ಬೈಯೇ."

"ಬೈಯೋಕೆ ಶಕ್ತಿ ಇಲ್ಲ ಕಣೋ. ಹಡಗಿಗೆ ಹೊತ್ತಾಯ್ತು."

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ಬಂದ. ಸಂಕೋಚದಿಂದ ಕೇಳಿದ: "ನನ್ನ ಖಾತೇಲಿ ಮೀನಿಡೋ ಐಸ್ ಪೆಟ್ಟಿಗೆಗಳಿವೆ. ದಪ್ಪ ಗೋಡೆಯವು. ಒಂದು ಕೊಡಿಸ್ಲಾ?"

ಲೇಮರಾಳಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಬೆಲ್ ಗಾಬರಿಯಾಗಿ ನೋಡುತ್ತಿದ್ದ. ನಗು ನಿಂತ ಮೇಲೆ ಅವಳು ಲೆಕ್ಕ ಹಾಕಿದಳು. ಹಡಗು ತಿಂಗಳಿಗೊಮ್ಮೆ ಬರುತ್ತದೆ. ಐಸ್ ತುಂಬಿ ತಂದರೆ ಮೂರು ದಿನ ನಿಲ್ಲುತ್ತದೆ. ಮೂರು ದಿನದಲ್ಲಿ ದ್ವೀಪದ ಎಂಟೂ ಹಳ್ಳಿಯ ಕೂಸುಗಳಿಗೆ ಲಸಿಕೆ ಹಾಕಬಹುದು.

"ಕೊಡ್ಸು," ಎಂದಳು. "ದೊಡ್ಡದೇ ಕೊಡ್ಸು."

ಊರಿಗೆ ಬಂದು ಮುಖ್ಯಸ್ಥನ ಎದುರು ಕೂತು, ಇನ್ನು ತಾನು ವಿಲಾಕ್ಕೆ ಹೋಗುವುದಿಲ್ಲ ಎಂದು ಹೇಳಿದಳು. ಯಾರೂ ಏಕೆ ಎಂದು ಕೇಳಲಿಲ್ಲ. ಮುಂದಿನ ವಾರ ಗಂಡಸರು ಕಾಡಿನಿಂದ ತಾಳೆಗರಿ ಕಡಿದು ತಂದರು, ಹೆಂಗಸರು ಹೆಣೆದರು. ಹನ್ನೊಂದು ದಿನದಲ್ಲಿ ಆಸ್ಪತ್ರೆಗೆ ಗರಿಯ ಮಾಡು ಬಂತು. ಸೋರುತ್ತಿರಲಿಲ್ಲ. ಹುಳು ಬೀಳುತ್ತಿತ್ತು, ಹಲ್ಲಿ ಬೀಳುತ್ತಿತ್ತು. ಹೆರಿಗೆ ಮಂಚದ ಮೇಲೆ ಅವಳು ಸೊಳ್ಳೆಪರದೆ ಕಟ್ಟಿದಳು. ತಿಂಗಳಿಗೊಮ್ಮೆ ಪೆಟ್ಟಿಗೆ ಹೆಗಲಿಗೇರಿಸಿದ ಇಬ್ಬರ ಹಿಂದೆ ಹಳ್ಳಿಯಿಂದ ಹಳ್ಳಿಗೆ ನಡೆದಳು.

ಹದಿನಾಲ್ಕು ತಿಂಗಳಿಗೆ ಆ ಸರ್ಕಾರವೂ ಬಿತ್ತು. ಅಬೆಲ್ ಊರಿಗೆ ಬಂದ. ಗಂಡಸರು ಸಂಜೆ ಸೇರಿ ಬೇರು ಅರೆದ ಕಾವಾ ಕುಡಿಯುವ ನಕಮಾಲ್ ಮನೆಯಲ್ಲಿ ಅವನು ಕೂತರೆ ಮಾತು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ತಲೆಸುತ್ತು ಎಂದು ಆಸ್ಪತ್ರೆಗೆ ಬಂದ. ಲೇಮರಾ ಅವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಜಾಸ್ತಿಯಿತ್ತು.

"ಅಕ್ಕಾ, ಆವತ್ತು ನಾನು ಹೇಳಿದ್ದು ಸುಳ್ಳಲ್ಲ. ನಿನಗೋಸ್ಕರಾನೇ ಅಂದ್ಕೊಂಡಿದ್ದೆ."

"ಗೊತ್ತು ಕಣೋ. ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ಉಪ್ಪು ಕಡಿಮೆ ಮಾಡು. ಮುಂದಿನ ವಾರ ಮತ್ತೆ ಬಂದು ತೋರಿಸು."

ಅವನು ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ ಬಂದ. ಗರಿ ಸಡಿಲವಾದ ಕಡೆ ಮಾಡು ಹತ್ತಿ ಕಟ್ಟಿಕೊಟ್ಟ. ಅವಳು ಬೇಡವೆನ್ನಲೂ ಇಲ್ಲ, ಹೊಗಳಲೂ ಇಲ್ಲ.

ಅದಾಗಿ ಎರಡು ವರ್ಷಕ್ಕೆ, ಯಾರೂ ಕಾಯುತ್ತಿಲ್ಲದ ಒಂದು ಮಂಗಳವಾರ, ಹಡಗಿನಿಂದ ತಗಡುಗಳು ಇಳಿದವು. ತೊಲೆ, ಮೊಳೆ, ಸೌರಫಲಕದ ಫ್ರಿಜ್ಜು, ಎಲ್ಲ. ಜೊತೆಯಲ್ಲಿದ್ದ ಮಂಜೂರಾತಿ ಪತ್ರವನ್ನು ಲೇಮರಾ ಬೆಳಕಿಗೆ ಹಿಡಿದು ನೋಡಿದಳು. ಕೆಳಗೆ ಒಂದು ರುಜು ಇತ್ತು. ಯಾರದೆಂದು ಓದಲಾಗಲಿಲ್ಲ. ತಾರೀಖಿನ ಪ್ರಕಾರ ಆ ಮಂತ್ರಿಯೂ ಆಗಲೇ ಇಳಿದಿದ್ದ. ಅಬೆಲ್ ಪತ್ರ ಇಸಿದುಕೊಂಡು ಬಹಳ ಹೊತ್ತು ನೋಡಿ, ತನಗೂ ಗೊತ್ತಾಗುವುದಿಲ್ಲ ಎಂದು ಹಿಂತಿರುಗಿಸಿದ.

ತಗಡು ಹೊದೆಸಿ ಮುಗಿದ ದಿನ ಮುಖ್ಯಸ್ಥನಿಗೆ ಹುರುಪು ಬಂತು. "ಉದ್ಘಾಟನೆಗೆ ಮಂತ್ರಿಗಳನ್ನ ಕರೆಸೋಣ. ಹಂದಿ ಕಡಿಯೋಣ. ನೀನೇ ಒಂದು ಕಾಗದ ಬರಿ ಲೇಮರಾ."

"ಯಾವ ಮಂತ್ರಿಗೆ?" ಎಂದಳು ಅವಳು.

ಮುಖ್ಯಸ್ಥ ಅಬೆಲ್‌ನ ಮುಖ ನೋಡಿದ. ಅಬೆಲ್ ಕೈಯಲ್ಲಿದ್ದ ಸುತ್ತಿಗೆ ನೋಡಿದ. ಅಷ್ಟರಲ್ಲಿ ಕೆಳಗಿನ ಕೇರಿಯ ಹುಡುಗಿಯೊಬ್ಬಳನ್ನು ನೋವೆದ್ದಿದೆ ಎಂದು ಅವಳ ಅತ್ತೆ ಕರೆದುಕೊಂಡು ಬಂದಳು. ಲೇಮರಾ ಕೈ ತೊಳೆದುಕೊಳ್ಳಲು ಒಳಗೆ ಹೋದಳು.