ದೇವವ್ವ ಒಳಗೆ, ನೆಟ್ ಹೊರಗೆ

ಬ್ಯಾಡಗಿಯಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ, ಸೀನಿ. ಪೇಟೆಯಲ್ಲಿ ಮೆಣಸಿನಕಾಯಿಯ ಮೊದಲ ಚೀಲ ಬಿಚ್ಚಿದರೆ ಸಾಕು, ಹಾವೇರಿಯ ತನಕ ಮಲಗಿದವರೆಲ್ಲ ಎದ್ದು ಕೂರುತ್ತಾರೆ. ಸೂರ್ಯನೂ ಮೂಗು ಒರೆಸಿಕೊಂಡೇ ಮೇಲೆ ಬರುತ್ತಾನೆ; ಅಷ್ಟು ಕೆಂಪಗಿರುವುದು ಅದಕ್ಕೇ.

ಈ ಸೋಮವಾರ ಆ ಕೆಂಪು ಬೆಳಕಿನಲ್ಲಿ ಕಂಪ್ಯೂಟರ್ ರಿಪೇರಿಯ ದೇವವ್ವ, ಮೆಣಸಿನಕಾಯಿ ಖರೀದಿಸುವ ಅಣ್ಣಾಜಿ ಸಾವಕಾರರ ಅಂಗಡಿಯ ಗಾದಿಯ ಮೇಲೆ ಕುಳಿತು ಲ್ಯಾಪ್‌ಟಾಪನ್ನು ದಿಟ್ಟಿಸುತ್ತಿದ್ದಾರೆ. ಕಳ್ಳನ ಮುಖವನ್ನು ಫೌಜದಾರ ನೋಡುವ ನೋಟ ಅದು. ನೆಟ್ ಹೋಗಿದೆ. ಮಧ್ಯಾಹ್ನದೊಳಗೆ ಪೇಟೆಯ ಆನ್‌ಲೈನ್ ಟೆಂಡರಿಗೆ ದರ ಹಾಕದಿದ್ದರೆ ಇಂದಿನ ಖರೀದಿ ಮುಗಿದ ಹಾಗೆ.

“ನೀ ಬರೂತನಾ ಚಂದ ನಡದಿತ್ತು,” ಎನ್ನುತ್ತಾರೆ ಅಣ್ಣಾಜಿ, ಅಡಿಕೆ ಕತ್ತರಿಸುತ್ತ. “ಹೋದ ವಾರನೂ ಹಿಂಗ. ನೀ ಬಂದಿ, ಹೋತು. ನೀ ಹೋದಿ, ಬಂತು. ನಾ ಏನು ತಿಳಕೋಬೇಕವಾ?”

“ಸಾವಕಾರ್ರ, ನಾನ ಕೆಡಿಸಿ ನಾನ ರಿಪೇರಿ ಮಾಡ್ತೇನಿ ಅಂತೀರೇನು?”

“ನಾ ಎಲ್ಲಿ ಅಂದೆ? ರಾಣೆಬೆನ್ನೂರಾಗ ಒಬ್ಬ ಹುಡುಗ ಇದ್ದಾನಂತ. ಇವತ್ತ ಸರಿ ಆಗ್ಲಿಲ್ಲಂದ್ರ ಅವಗ ಹೇಳ್ತೀನಿ, ಅಷ್ಟ.”

ಅಣ್ಣಾಜಿಯವರೊಬ್ಬರು ಕೈಬಿಟ್ಟರೆ ಓಣಿಯೇ ಕೈಬಿಟ್ಟ ಹಾಗೆ. ಈ ಸಾಲಿನಲ್ಲಿ ಅವರು ಕೆಮ್ಮಿದರೆ ಹತ್ತು ಅಂಗಡಿಯವರು ಕಷಾಯ ಕುಡಿಯುತ್ತಾರೆ.

ದೇವವ್ವ ಐರಣಿಯವರು. ಐಟಿಐ ಓದಿದ್ದು ರಾಣೆಬೆನ್ನೂರಿನಲ್ಲಿ. ಸಂಶಯ ಮಾತ್ರ ಯಾವ ಶಾಲೆಯಲ್ಲೂ ಕಲಿತದ್ದಲ್ಲ, ಹುಟ್ಟುತ್ತಲೇ ಬಂದದ್ದು. ಹುಣ್ಣಿಮೆಯ ಚಂದ್ರನನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಬೇಕೆನ್ನುವ ಹೆಣ್ಣುಮಗಳು. ಈ ಕಸುಬಿಗೆ ಇಳಿದಾಗ ಅಂಗಡಿಯವರು ಚಹಾ ಕೊಡುತ್ತಿದ್ದರು, ಲ್ಯಾಪ್‌ಟಾಪ್ ಕೊಡುತ್ತಿರಲಿಲ್ಲ. “ನಿಮ್ಮ ಮನಿಯವರು ಯಾವಾಗ ಬರ್ತಾರ?” ಎಂದು ಕೇಳುತ್ತಿದ್ದರು. “ಅವರಿಗೆ ಸ್ಕ್ರೂ ಬಿಚ್ಚಾಕ ಬರೂದಿಲ್ರಿ, ರೊಟ್ಟಿ ಬಡಿಯಾಕ ಬರ್ತೈತಿ,” ಎನ್ನುತ್ತಿದ್ದರಂತೆ ದೇವವ್ವ. ಈಗ ಪೇಟೆಯ ದಿನ ನಸುಕಿನಲ್ಲೇ ಸ್ಕೂಟರ್ ಹತ್ತಿ ಅಂಗಡಿ ಅಂಗಡಿಗೆ ಹೋಗಿ ನೆಟ್ಟಿನ ನಾಡಿ ಹಿಡಿದು ನೋಡುತ್ತಾರೆ. ಕುಡಿಯುವ ಚಹಾ ಕೂಡಿಸಿದರೆ ತುಂಗಭದ್ರೆಯಲ್ಲಿ ಒಂದು ಮೊಳ ನೀರು ಏರೀತು.

ಇಲ್ಲಿನ ರೋಗ ಹೋದ ತಿಂಗಳಿನದು. ಗೋಡೆಯ ಮೇಲಿನ ರೌಟರ್, ತನ್ನ ಬಳಿ ಬಂದ ಪ್ರತಿ ಯಂತ್ರಕ್ಕೂ ತಾನಾಗಿಯೇ ಒಂದು ನಂಬರ್ ಕೊಡಬೇಕು. ಅಂದು ಲ್ಯಾಪ್‌ಟಾಪಿಗೆ ಕೊಡಲಿಲ್ಲ. ಕಾರಣ ಬ್ಯಾಡಗಿಯ ದೊಡ್ಡ ಮನಸ್ಸು: ಮಾಲು ತಂದ ರೈತರಿಗೆ, ಲಾರಿ ಡ್ರೈವರುಗಳಿಗೆ, ಹಮಾಲರಿಗೆ ಅಣ್ಣಾಜಿಯವರ ಅಂಗಡಿಯಲ್ಲಿ ಚಹಾದ ಜೊತೆಗೆ ವೈಫೈ ಪಾಸ್‌ವರ್ಡೂ ಸಿಗುತ್ತದೆ.

“ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹೋದಂಗ ರೀ,” ಎಂದು ಬಿಡಿಸಿ ಹೇಳುತ್ತಾರೆ ದೇವವ್ವ. “ಮಂದಿ ಊರಿಗೆ ಹೋಗಿರ್ತಾರ, ಅವರ ಫೋನಿನ ಟವೆಲ್ ಇಲ್ಲೇ ಬಿದ್ದಿರ್ತೈತಿ. ಲ್ಯಾಪ್‌ಟಾಪ್ ನಿಂತ ಇರ್ತೈತಿ. ಸೀಟ್ ಸಿಗಲಿಲ್ಲಂದ್ರ ಅದು ಒಂದುನೂರಾ ಅರವತ್ತೊಂಬತ್ತರಿಂದ ಸುರು ಆಗೂ ಸುಳ್ಳು ನಂಬರ್ ಹಚ್ಚಿಕೊಂಡು ಕುಂಡರ್ತೈತಿ. ಆ ನಂಬರಿಗೆ ಹೊರಗಿನ ಜಗತ್ತು ಕಾಣೂದಿಲ್ಲ.”

ಹೋದ ತಿಂಗಳು ಅವಸರದಲ್ಲಿ ದೇವವ್ವ ನಂಬರುಗಳನ್ನು ಒಂದೊಂದಾಗಿ ಪಿಂಗ್ ಮಾಡಿ, ಅಂದರೆ ಕರೆದು ನೋಡಿ, ಯಾರೂ ಓಗೊಡದ ಒಂದು ನಂಬರನ್ನು ಆರಿಸಿ ಲ್ಯಾಪ್‌ಟಾಪಿಗೆ ಕೈಯಾರೆ ಬರೆದುಕೊಟ್ಟಿದ್ದರು. ನೆಟ್ ಓಡಿತ್ತು. ಇಂದು ಪರದೆಯ ಮೇಲೆ ಮತ್ತೆ ಅದೇ ಸುಳ್ಳು ನಂಬರ್. ಎಂದರೆ ಆ ಸೀಟಿಗೆ ಯಾರೋ ಬಂದು ಕುಳಿತಿದ್ದಾರೆ.

ದೇವವ್ವನ ಕಣ್ಣು ಗುಮಾಸ್ತ ಅಬ್ದುಲಗನಿಯವರ ಮೇಲೆ ಬೀಳುತ್ತದೆ. ದರ ಹಾಕುವವರು ಅವರೇ, ತಲೆ ನೆರೆತದ್ದು ಇದೇ ಗಾದಿಯ ಮೇಲೆ. ಇವತ್ತೇಕೋ ವಿಪರೀತ ಬೆವರುತ್ತಿದ್ದಾರೆ.

“ಒಳಗಿನವರ ಫೋನ್ ಇರಬೇಕ್ರಿ,” ಎನ್ನುತ್ತಾರೆ ದೇವವ್ವ. “ಎಲ್ಲಾರೂ ಫೋನ್ ಬಂದ್ ಮಾಡಿ ಬುಟ್ಯಾಗ ಹಾಕ್ರಿ.”

ಅಣ್ಣಾಜಿಯವರದು ಬೀಳುತ್ತದೆ, ಗನಿಯವರದು, ಮಾಲಿಗೆ ಬಂದ ಲಾರಿ ಡ್ರೈವರನದು, ಹಮಾಲರವು. ನೆಟ್ ಬರುವುದಿಲ್ಲ.

“ಅಂದ್ರ ಯಾರೋ ಇನ್ನೊಂದು ಫೋನ್ ಮುಚ್ಚಿಟ್ಟಾರ,” ದೇವವ್ವನ ದನಿ ತಗ್ಗುತ್ತದೆ.

ಅಣ್ಣಾಜಿಯವರ ಅಡಕೊತ್ತು ನಿಲ್ಲುತ್ತದೆ. ಅವರು ಗುಮಾಸ್ತರತ್ತ ತಿರುಗುತ್ತಾರೆ. “ಗನಿ ಸಾಹೇಬ್ರ, ನಮ್ಮ ದರ ಮೊದಲ ಬ್ಯಾರೆ ಅಂಗಡಿಗೆ ಹೋಗ್ತದೇನೋ ಅಂತ ನನಗ ಭಾಳ ದಿನದಿಂದ ಅನುಮಾನ. ಇನ್ನೊಂದು ಫೋನ್ ಅದ ಏನು ನಿಮ್ಮ ಕಡೆ?”

ಗನಿಯವರು ಅಂಗಿಯ ಎರಡೂ ಕಿಸೆಗಳನ್ನು ಹೊರಗೆ ಎಳೆದು ತೋರಿಸುತ್ತಾರೆ. ಒಂದರಿಂದ ತಂಬಾಕಿನ ಪುಡಿ ಉದುರುತ್ತದೆ.

ಅಷ್ಟರಲ್ಲಿ ದೇವವ್ವನ ಕೈಚೀಲದಲ್ಲಿ ಫೋನ್ ರಿಂಗಾಗುತ್ತದೆ. ಮುಂದಿನ ಅಂಗಡಿಯ ನಿರ್ಮಲಾ ಅವರ ಕರೆ. ಲಾರಿಗಳ ಗದ್ದಲದಲ್ಲಿ ಕೇಳಿಸದೆ, ಮಾತಾಡುತ್ತ ದೇವವ್ವ ಚೀಲಗಳನ್ನು ದಾಟಿ ತೂಕದ ಕಟ್ಟೆಯ ಆಚೆಗೆ ಹೋಗುತ್ತಾರೆ. ವೈರ್ ಕಿತ್ತು ಹಚ್ಚುತ್ತಿದ್ದ ಗನಿಯವರು ಒಳಗಿನಿಂದ ಕೂಗುತ್ತಾರೆ: “ಬಂತ್ರಿ, ನೆಟ್ ಬಂತು.” ದೇವವ್ವ ಓಡಿ ಬರುತ್ತಾರೆ. “ಹೋತ್ರಿ.”

ದೇವವ್ವ ಕೈಯಲ್ಲಿನ ಫೋನನ್ನು ನೋಡುತ್ತಾರೆ. ವೈಫೈ ಗುರುತಿನ ಒಳಗೆ ಹೋಗಿ ನಂಬರ್ ನೋಡುತ್ತಾರೆ. ತಾವು ಲ್ಯಾಪ್‌ಟಾಪಿಗೆ ಬರೆದುಕೊಟ್ಟದ್ದೇ ಅದು. ಅಂದು ನಂಬರ್ ಆರಿಸುವಾಗ ಬ್ಯಾಟರಿ ಸತ್ತು ಈ ಫೋನ್ ಮಲಗಿತ್ತು, ಕರೆದಾಗ ಓಗೊಡಲಿಲ್ಲ; ಅದರ ಸೀಟನ್ನೇ ಖಾಲಿ ಎಂದು ಲ್ಯಾಪ್‌ಟಾಪಿಗೆ ಕೊಟ್ಟಿದ್ದರು. ಇಡೀ ಜಿಲ್ಲೆಯ ಮೇಲೆ ಸಂಶಯಪಟ್ಟವರು ಸ್ವಂತ ಚೀಲವನ್ನು ಬಿಟ್ಟಿದ್ದರು.

ಇದು ಇನ್ನೂ ಯಾರಿಗೂ ತಿಳಿದಿಲ್ಲ. ಬೆರಳೊಂದನ್ನು ಒತ್ತಿ ತಮ್ಮ ಫೋನಿನ ವೈಫೈ ಬಂದ್ ಮಾಡಿದರೆ ದೇವವ್ವ ಗೆದ್ದಂತೆ. ಗನಿಯವರ ಕಿಸೆಗಳು ಇನ್ನೂ ಹೊರಗೇ ನೇತಾಡುತ್ತಿವೆ.

“ಸಾವಕಾರ್ರ, ಕಳ್ಳ ಸಿಕ್ಕ,” ಎನ್ನುತ್ತಾರೆ ದೇವವ್ವ, ಫೋನನ್ನು ಬುಟ್ಟಿಗೆ ಹಾಕುತ್ತ. “ನಾ ಲ್ಯಾಪ್‌ಟಾಪಿಗೆ ಕೊಟ್ಟ ಸೀಟು ನನ್ನ ಫೋನಿನದ ಇತ್ತು. ನೀವು ಅಂದದ್ದು ಖರೇ. ನಾ ಬಂದ್ರ ಹೋಗ್ತಿತ್ತು.”

ಅಣ್ಣಾಜಿ ಒಂದು ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಷ್ಟು ಹೊತ್ತಿನಲ್ಲಿ ಒಂದು ಮೆಣಸಿನ ಬೆಳೆ ಬಂದು ಹೋಗಬಹುದಿತ್ತು.

“ಸರಿ ಮಾಡು ಮೊದಲ,” ಎನ್ನುತ್ತಾರೆ ಕಡೆಗೆ. “ರಾಣೆಬೆನ್ನೂರಿನವನ ಮಾತು ಆಮ್ಯಾಲ.”

ದೇವವ್ವ ಹಳೆಯ ಟವೆಲ್‌ಗಳನ್ನೆಲ್ಲ ಕಿತ್ತೆಸೆಯುತ್ತಾರೆ. ಹೊರಟವರ ಸೀಟು ಅಂದೇ ಖಾಲಿಯಾಗುವಂತೆ ರೌಟರಿಗೆ ತಾಕೀತು ಮಾಡುತ್ತಾರೆ. ಲ್ಯಾಪ್‌ಟಾಪಿಗೆ ರೌಟರ್ ಯಾರಿಗೂ ಹಂಚದ ನಂಬರೊಂದನ್ನು ಕೊಡುತ್ತಾರೆ. ಟೆಂಡರಿನ ಪುಟ ತೆರೆದುಕೊಳ್ಳುತ್ತದೆ. ಅಣ್ಣಾಜಿ ಲ್ಯಾಪ್‌ಟಾಪನ್ನು ಗನಿಯವರ ಮುಂದೆ ಸರಿಸುತ್ತಾರೆ, ಮುಖ ನೋಡದೆ.

ಸ್ಕೂಟರಿನ ತನಕ ಗನಿಯವರು ಬರುತ್ತಾರೆ. “ಬಾಯಿ ಮುಚ್ಚಿಕೊಂಡಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ ಬೇಟಿ. ಈಗ ಓಣಿ ತುಂಬ ನಿನ್ನ ಹೆಸರು ಹೋಗ್ತೈತಿ.”

“ಹೋಗ್ಲಿ ಬಿಡ್ರಿ ಚಾಚಾ,” ದೇವವ್ವ ಕಿಕ್ ಹೊಡೆಯುತ್ತಾರೆ. “ನನ್ನ ಹೆಸರು ನಾ ರಿಪೇರಿ ಮಾಡ್ಕೋತೇನಿ. ನಾ ಬಾಯಿ ಮುಚ್ಚಿ ನಿಮ್ಮ ಹೆಸರು ಕೆಟ್ಟಿದ್ರ, ಅದನ್ನ ಸರಿ ಮಾಡೂ ಕೆಲಸ ನನಗ ಬರೂದಿಲ್ಲ.”