ಅಳಿಸಿದ ಒಂಬತ್ತು ಚುಕ್ಕೆ

ಬಸವಂತಪ್ಪ ಅಳಿಸಿದ್ದು ಒಂಬತ್ತೇ ಚುಕ್ಕೆ. ಅಲ್ಲಿ ಬಂಡೆ ಇರಬಹುದೆಂದು ಹೊಳೆಯುವ ಹೊತ್ತಿಗೆ ದೋಣಿ ಆ ಕಡೆಗೇ ಹೊರಟಾಗಿತ್ತು.

ಅವನು ಹುನಗುಂದದ ಹತ್ತಿರದ ಹಳ್ಳಿಯವನು. ಮನೆತನದಲ್ಲಿ ಮೊದಲ ಡಿಗ್ರಿ ಅವನದು. ಹನ್ನೊಂದು ವರ್ಷದಿಂದ ಅಮೆರಿಕದ ಎಮರಿವಿಲ್‌ನ ಸಣ್ಣ ಸರ್ವೆ ಆಫೀಸಿನಲ್ಲಿ ಕೂತು, ಗ್ರೀನ್‌ಲ್ಯಾಂಡಿನ ಕರಾವಳಿಯಿಂದ ದೋಣಿಯವರು ಸೋನಾರ್‌ನಲ್ಲಿ ಅಳೆದು ಕಳಿಸುವ ಆಳಗಳನ್ನು ಹಸನು ಮಾಡುತ್ತಿದ್ದ. ಸೋನಾರಿನ ಸದ್ದು ಸಮುದ್ರದ ತಳಕ್ಕೆ ಬಡಿದು ಮರಳಿದರೆ ಪರದೆಯ ಮೇಲೊಂದು ಚುಕ್ಕೆ. ತೇಲುವ ಮಂಜುಗಡ್ಡೆಯ ಹೊಟ್ಟೆಗೆ ಬಡಿದರೂ ಚುಕ್ಕೆಯೇ. ಅಂಥವನ್ನು ಹುಡುಕಿ ಅಳಿಸುವುದು ಅವನ ಕೆಲಸ. “ಕಾಕಾ ಮುಟ್ಟಿದ ಸಮುದ್ರ ಹರಗಿ ಹಸನ ಮಾಡಿದ ಹೊಲ ಇದ್ದಂಗ ನೋಡ್ರಿ,” ಎಂದು ದೋಣಿಯಲ್ಲಿದ್ದ ಹುಬ್ಬಳ್ಳಿಯ ಶಿವರಾಜ ಕಾಡುತ್ತಿದ್ದ. ಶಿವರಾಜನನ್ನು ಆ ಕೆಲಸಕ್ಕೆ ಹಚ್ಚಿದವನು ಬಸವಂತಪ್ಪನೇ.

ದೋಣಿ ಒಂದು ಜಾಗದ ಮೇಲೆ ಎರಡು ಸಲ ಹಾಯುತ್ತದೆ. ಎರಡೂ ಸಲ ಕಂಡರೆ ಬಂಡೆ. ಒಮ್ಮೆ ಕಂಡು ಮತ್ತೆ ಕಾಣದಿದ್ದರೆ ತೇಲಿಹೋದ ಮಂಜುಗಡ್ಡೆ. ಆ ಒಂಬತ್ತು ಮತ್ತೆ ಕಂಡಿರಲಿಲ್ಲ. ಅಳಿಸಿ, ನಕ್ಷೆಯನ್ನು ದೋಣಿಗೆ ಕಳಿಸಿದ್ದ; ದೋಣಿ ಅದನ್ನೇ ನೋಡಿಕೊಂಡು ಮತ್ತೆ ಆ ಕಡೆಗೆ ಹೊರಡುವುದಿತ್ತು. ಈ ಬೆಳಿಗ್ಗೆ ಯಾಕೋ ದೋಣಿ ಹಾದ ದಾರಿಯ ದಾಖಲೆ ತೆಗೆದು ನೋಡಿದ. ಎರಡನೆಯ ಸಲ ದೋಣಿ ಮಂಜುಗಡ್ಡೆ ತಪ್ಪಿಸಲು ಅರವತ್ತು ಮೀಟರ್ ಸರಿದು ಹೋಗಿತ್ತು. ಆ ಜಾಗಕ್ಕೆ ಸದ್ದು ಮುಟ್ಟಿಯೇ ಇರಲಿಲ್ಲ.

ಶಿವರಾಜನಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ.

“ಐಸೇ ಇರ್ಬೋದಲ್ವಾ? ಪ್ಯಾನಿಕ್ ಆಗ್ಬೇಡಿ,” ಎಂದಳು ವಿಷಯ ಕೇಳಿದ ಮ್ಯಾನೇಜರ್ ದೀಪಾಲಿ.

“ಇರಬೋದು ಅಂತನ ಅಳಿಸೀನ್ರಿ ಮೇಡಂ.”

ಅವಳು ತನ್ನ ಫೋನಿನಿಂದ ತಾನೂ ಹಚ್ಚತೊಡಗಿದಳು. ಹದಿನಾಲ್ಕನೆಯ ಸಲಕ್ಕೆ ಬಸವಂತಪ್ಪನ ಕರೆಗೆ ಆ ಕಡೆ ಗಾಳಿ ಕೇಳಿಸಿತು.

“ಶಿವರಾಜಾ, ದೋಣಿ ನಿಂದರ್ಸೋ!”

“ನಿಂತೈತ್ರಿ ಕಾಕಾ.” ಅವನ ಹಲ್ಲು ಕಟಕಟ ಎನ್ನುತ್ತಿದ್ದವು. “ಕಲ್ಲಿಗೆ ಬಡದೈತಿ. ಸೋನಾರ್ ಕಿತ್ಕೊಂಡು ಹೋತು. ನೀರು ಒಳಗ ಬರಾಕತ್ತೈತಿ, ಪಂಪ್ ಹಚ್ಚೇವಿ. ಬಂದ ದಾರಿ ಮಂಜುಗಡ್ಡಿ ಮುಚ್ಚೈತಿ. ಪೂರ್ವಕ್ಕ ಹಾದಿ ಐತೇನು, ನಿಮ್ಮ ನಕ್ಷೆ ನೋಡಿ ಹೇಳ್ರಿ.”

“ನನ್ನ ನಕ್ಷೆ ನಂಬಬ್ಯಾಡೋ ತಮ್ಮಾ.”

“ಮತ್ಯಾರದು ನಂಬಲಿ? ನಾಕು ಮಂದಿ ಅದೀವಿ ಇಲ್ಲಿ.”

ಬಸವಂತಪ್ಪ ಪೂರ್ವದ ನೀರಿನಲ್ಲಿ ತಾನು ಅಳಿಸಿದ್ದನ್ನೆಲ್ಲ ಮರಳಿ ತಂದ. ಪರದೆಯ ತುಂಬ ಚುಕ್ಕೆಗಳು ಮುಳ್ಳಿನಂತೆ ಎದ್ದವು. ಎಲ್ಲವನ್ನೂ ಬಂಡೆ ಎಂದುಕೊಂಡರೆ ದೋಣಿ ಹೊರಬರಲು ದಾರಿಯೇ ಇರಲಿಲ್ಲ. ಯಾವುದೋ ಒಂದಿಷ್ಟನ್ನು ಮಂಜುಗಡ್ಡೆ ಎಂದು ಮತ್ತೆ ಅವನೇ ಹೇಳಬೇಕು. ಮೌಸು ಹಿಡಿದ ಕೈ ಚುಕ್ಕೆಯಿಂದ ಚುಕ್ಕೆಗೆ ಅಲೆಯತೊಡಗಿತು. ದೀಪಾಲಿ ಪಕ್ಕಕ್ಕೆ ಬಂದು ಆ ಕೈಯನ್ನು ಮೇಜಿಗೆ ಒತ್ತಿ ಹಿಡಿದಳು.

“ಕಾಕಾ, ನೀರು ಮೊಣಕಾಲಿಗೆ ಬಂತು. ಎತ್ತಾಗ ಹೋಗೂಣು?”

ಅವನು ಆರು ಚುಕ್ಕೆ ಅಳಿಸಿದ. ಪರದೆಯಲ್ಲಿ ಕಿರಿದಾದ ದಾರಿಯೊಂದು ತೆರೆಯಿತು.

“ಎಡಕ್ಕ,” ಎಂದ. “ಇಪ್ಪತ್ತು ಮೀಟರ್. ಸಾವಕಾಶ.”